ರಕ್ತನಿಧಿಯಲ್ಲಿ ಮೂಕವಾದ ಕಾರ್ಡು

ಆ ಚಿಪ್‌ನ ಕೈಪಿಡಿ ನನ್ನ ಮೇಜಿಗೆ ಬಂದದ್ದು ಜೆರಾಕ್ಸ್ ಪ್ರತಿಯ ಜೆರಾಕ್ಸ್ ಪ್ರತಿಯಾಗಿ. ಅರವತ್ತು ಚಿಲ್ಲರೆ ಹಾಳೆಗಳು. ಸೊನ್ನೆ ಯಾವುದು, ಎಂಟು ಯಾವುದು ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕಿತ್ತು. ಚಿಪ್ ಮಾರಿದ ಬೆಂಗಳೂರಿನ ಡೀಲರನಿಗೆ ಫೋನ್ ಮಾಡಿ ಒಳ್ಳೆಯ ಪ್ರತಿ ಕಳಿಸಿ ಎಂದು ಕೇಳಿದೆ. ಅವನು ಅದನ್ನೇ ಫ್ಯಾಕ್ಸ್ ಮಾಡಿದ. ಜೆರಾಕ್ಸಿನಲ್ಲಿ ಓದಲು ಬರುತ್ತಿದ್ದ ಅಕ್ಷರಗಳೂ ಫ್ಯಾಕ್ಸಿನಲ್ಲಿ ಹೋಗಿದ್ದವು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಜಯಲಕ್ಷ್ಮಿಪುರಂನ ಒಂದು ಮನೆಯ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಯಜಮಾನರೂ ಸೇರಿ ಏಳು ಜನ. ತಾಪಮಾನ ಅಳೆದು ತೋರಿಸುವ ಉಪಕರಣಗಳನ್ನು ಮಾಡುತ್ತಿದ್ದೆವು. ಊರಿನ ಒಂದು ಆಸ್ಪತ್ರೆಯ ರಕ್ತನಿಧಿಯವರು ಒಂದು ಕೆಲಸ ಕೊಟ್ಟಿದ್ದರು. ರಕ್ತದ ಚೀಲಗಳನ್ನಿಡುವ ಶೀತಕಪಾಟಿನ ಒಳಗೆ ಎಷ್ಟು ಡಿಗ್ರಿ ಇದೆ ಎಂಬುದು ನಿಮಿಷಕ್ಕೊಮ್ಮೆ ಅವರ ಕಚೇರಿಯ ಕಂಪ್ಯೂಟರಿನಲ್ಲಿ ಕಾಣಬೇಕು. ಎರಡರಿಂದ ಆರು ಡಿಗ್ರಿಯ ಒಳಗಿದ್ದರೆ ಸರಿ, ಮೀರಿದರೆ ಕಂಪ್ಯೂಟರ್ ಕೂಗಬೇಕು. ಕಪಾಟಿನಿಂದ ಕಚೇರಿಗೆ ಬೇರೆ ತಂತಿ ಎಳೆಯುವಂತಿಲ್ಲ, ಆಸ್ಪತ್ರೆಯ ಕಂಪ್ಯೂಟರುಗಳನ್ನು ಜೋಡಿಸಿದ್ದ ನೆಟ್‌ವರ್ಕ್ ಕೇಬಲ್ಲನ್ನೇ ಬಳಸಬೇಕು. ಹಾಗಾಗಿ ನಮ್ಮ ಕಾರ್ಡಿನ, ಅಂದರೆ ಚಿಪ್‌ಗಳನ್ನು ಕೂರಿಸುವ ಸರ್ಕ್ಯೂಟ್ ಬೋರ್ಡಿನ ಮೇಲೆ ಮೊದಲ ಬಾರಿಗೆ ಒಂದು ನೆಟ್‌ವರ್ಕ್ ಚಿಪ್ ಬಂತು. ಅದನ್ನು ಮಾತಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಚಿಪ್ಪನ್ನು ಮಾತಾಡಿಸುವುದೆಂದರೆ ಅದರ ರಿಜಿಸ್ಟರುಗಳನ್ನು ತುಂಬುವುದು. ರಿಜಿಸ್ಟರ್ ಎಂದರೆ ಚಿಪ್‌ನೊಳಗಿನ ಒಂದು ಪುಟ್ಟ ಖಾನೆ. ಅದರಲ್ಲಿ ಎಂಟು ಸ್ವಿಚ್ಚುಗಳು. ಯಾವ ಸ್ವಿಚ್ ಹಾಕಬೇಕು, ಯಾವುದನ್ನು ಆರಿಸಬೇಕು ಎಂದು ಪ್ರೋಗ್ರಾಂ ಶುರುವಾದ ತಕ್ಷಣ ಹೇಳಬೇಕು. ಇಷ್ಟೇ ಆಗಿದ್ದರೆ ನಾಲ್ಕು ದಿನದ ಕೆಲಸ. ಆದರೆ ಈ ಚಿಪ್‌ನಲ್ಲಿ ಖಾನೆಗಳು ಹೆಚ್ಚು, ಅವಕ್ಕೆ ಕೊಟ್ಟ ವಿಳಾಸಗಳು ಹದಿನಾರೇ. ಅದಕ್ಕೆ ಖಾನೆಗಳನ್ನು ಸೊನ್ನೆ, ಒಂದು, ಎರಡು ಎಂದು ಪುಟಗಳಾಗಿ ಹಂಚಿದ್ದರು. ಮೊದಲು ಯಾವ ಪುಟ ಎಂದು ಹೇಳಬೇಕು, ಆಮೇಲೆ ಖಾನೆಯ ಸಂಖ್ಯೆ. ಪುಟ ಬದಲಿಸಲು ಮರೆತರೆ ಚಿಪ್ ತಕರಾರು ಮಾಡುವುದಿಲ್ಲ. ನೀವು ಕೊಟ್ಟದ್ದನ್ನು ತಪ್ಪು ಖಾನೆಯಲ್ಲಿ ಇಟ್ಟುಕೊಂಡು ಸುಮ್ಮನಿರುತ್ತದೆ.

ಮೊದಲ ಐದು ದಿನ ಅದು ಉತ್ತರವನ್ನೇ ಕೊಡಲಿಲ್ಲ. ಯಾವ ಖಾನೆ ಓದಿದರೂ ಎಲ್ಲ ಸ್ವಿಚ್ಚೂ ಹಾಕಿದಂತೆ ಕಾಣುತ್ತಿತ್ತು. ಪ್ರತಿ ಸಲವೂ ಪ್ರೋಗ್ರಾಂ ತಿದ್ದಿ, ಪ್ರೋಗ್ರಾಂ ಇರುವ ಮೆಮೊರಿ ಚಿಪ್ಪನ್ನು ಕಿತ್ತು, ನೇರಳೆ ದೀಪದ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಅಳಿಸಿ, ಹೊಸದಾಗಿ ತುಂಬಿ, ಕಾಲುಗಳು ಬಾಗದಂತೆ ಸಾಕೆಟ್ಟಿಗೆ ಒತ್ತಬೇಕು. ಒಂದು ಅಂಕಿ ಬದಲಿಸಿದರೂ ಅರ್ಧ ಗಂಟೆ ಹೋಗುತ್ತಿತ್ತು. ದಿನಕ್ಕೆ ಹನ್ನೆರಡು ಪ್ರಯತ್ನ ಮಾಡಿದರೆ ಅದೇ ದೊಡ್ಡದು.

ಬೋರ್ಡಿನ ವಿನ್ಯಾಸ ಮಾಡಿದವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ರೇಡಿಯೋ ಕಾಲದಿಂದ ಬಂದವರು. ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದೆವು.

"ಸರ್, ಚಿಪ್ ಏಳ್ತಾನೇ ಇಲ್ಲ. ರೀಸೆಟ್ ಸರಿಯಾಗಿ ಹೋಗ್ತಿದೆಯಾ?" ಎಂದು ಕೇಳಿದೆ.

"ಬೋರ್ಡ್ ಸರಿಯಾಗೇ ಇದೆ ಕಣಮ್ಮ. ನಿನ್ನ ಪ್ರೋಗ್ರಾಂ ನೋಡ್ಕೋ."

ನೋಡಿಕೊಂಡೆ. ಮತ್ತೆ ಎರಡು ದಿನ ನೋಡಿಕೊಂಡೆ. ಕೊನೆಗೆ ಅವರು ಊಟಕ್ಕೆ ಹೋದಾಗ ತಂತಿಯ ವೋಲ್ಟೇಜನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಮೊನೆಯನ್ನು, ಚಿಪ್ಪನ್ನು ಮೊದಲಿನಿಂದ ಶುರು ಮಾಡಿಸುವ ರೀಸೆಟ್ ಕಾಲಿಗೆ ಇಟ್ಟೆ. ನಮ್ಮ ಬೋರ್ಡಿನ ಉಳಿದೆಲ್ಲ ಚಿಪ್‌ಗಳಿಗೆ ರೀಸೆಟ್ ಆಗಲು ಆ ತಂತಿಯ ವೋಲ್ಟೇಜು ಕೆಳಗಿಳಿಯಬೇಕು, ಇದಕ್ಕೊಂದಕ್ಕೆ ಮೇಲೇರಬೇಕು. ಅಂದರೆ ನಾವು ಅದನ್ನು ಹಗಲಿಡೀ ರೀಸೆಟ್ಟಿನಲ್ಲೇ ಹಿಡಿದಿಟ್ಟು, ಯಾಕೆ ಮಾತಾಡುತ್ತಿಲ್ಲ ಎಂದು ಬಯ್ಯುತ್ತಿದ್ದೆವು. ಸರ್ ಊಟ ಮುಗಿಸಿ ಬಂದು ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಹ್ಞೂಂ, ಒಂದು ಇನ್ವರ್ಟರ್ ಹಾಕ್ಬೇಕು" ಎಂದಷ್ಟೇ ಹೇಳಿ, ಮೇಲಿದ್ದದ್ದನ್ನು ಕೆಳಗೆ ಮಾಡುವ ಆ ಪುಟ್ಟ ಬಿಡಿಭಾಗಕ್ಕೆಂದು ಬೆಸುಗೆ ಕಡ್ಡಿ ಕಾಯಿಸಲು ಇಟ್ಟರು. ಆ ಐದು ದಿನದ ಬಗ್ಗೆ ಯಾರೂ ಮತ್ತೆ ಮಾತೆತ್ತಲಿಲ್ಲ.

ಚಿಪ್ ಎದ್ದಿತು. ಆದರೆ ನೆಟ್‌ವರ್ಕಿನಿಂದ ಒಂದು ಸಂದೇಶವನ್ನೂ ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ಪಕ್ಕದ ಕಂಪ್ಯೂಟರಿನಿಂದ ಕಳಿಸುತ್ತಲೇ ಇದ್ದೆ, ಇತ್ತ ಸದ್ದಿಲ್ಲ. ಇನ್ನೂ ಕೆಟ್ಟದ್ದೆಂದರೆ, ನಾನು ಹಾಕಿದ ಸ್ವಿಚ್ಚುಗಳು ನಿಜಕ್ಕೂ ನಿಂತಿವೆಯೇ ಎಂದು ಪರೀಕ್ಷಿಸಲೂ ಆಗುತ್ತಿರಲಿಲ್ಲ. ಹನ್ನೆರಡನೇ ಖಾನೆಗೆ ಒಂದು ಬರೆದು ಅದನ್ನೇ ಓದಿದರೆ ಬೇರೇನೋ ಬರುತ್ತಿತ್ತು. ಕೈಪಿಡಿ ತಿರುವಿ ಹಾಕಿದಾಗ ಗೊತ್ತಾಯಿತು, ಸೊನ್ನೆ ಪುಟದ ಹನ್ನೆರಡನೇ ವಿಳಾಸಕ್ಕೆ ಬರೆಯುವಾಗ ಒಂದು ಖಾನೆ, ಓದುವಾಗ ಅದೇ ವಿಳಾಸದಲ್ಲಿ ಇನ್ನೊಂದು ಖಾನೆ. ಬರೆದದ್ದನ್ನು ಓದಬೇಕಾದರೆ ಎರಡನೇ ಪುಟಕ್ಕೆ ಹೋಗಬೇಕು. ಆ ಪುಟದ ತಲೆಬರಹದಲ್ಲಿ 'ದೋಷ ಪತ್ತೆಗೆ ಮಾತ್ರ, ಸಾಮಾನ್ಯ ಬಳಕೆಗೆ ಅಲ್ಲ' ಎಂಬ ಅರ್ಥದ ಸಾಲಿತ್ತು. ನಮ್ಮದು ಸಾಮಾನ್ಯ ಬಳಕೆಯಲ್ಲವೇ ಎಂದುಕೊಂಡು ಆ ಹಾಳೆಯನ್ನು ಮಡಿಚಿಟ್ಟೆ.

ಹನ್ನೆರಡನೇ ಖಾನೆಯ ಕೆಲಸ ಬಾಗಿಲು ಕಾಯುವುದು. ಯಾವ ಸಂದೇಶವನ್ನು ಒಳಗೆ ಬಿಡಬೇಕು ಎಂದು ಅದರ ಸ್ವಿಚ್ಚುಗಳು ತೀರ್ಮಾನಿಸುತ್ತವೆ. ಎಂಟು ಸ್ವಿಚ್ಚುಗಳ ಸ್ಥಿತಿಯನ್ನು ಎರಡು ಅಂಕಿಗಳಲ್ಲಿ ಬರೆಯುವುದು ರೂಢಿ. ಸೊನ್ನೆ-ನಾಲ್ಕು ಎಂದು ತುಂಬಿದರೆ ನಮ್ಮ ಹೆಸರಿಗೆ ಬಂದವು ಮತ್ತು ಎಲ್ಲರಿಗೂ ಎಂದು ಕೂಗಿ ಹೇಳಿದವು ಮಾತ್ರ ಒಳಕ್ಕೆ. ಒಂದು-ನಾಲ್ಕು ಎಂದು ತುಂಬಿದರೆ ಕೇಬಲ್ಲಿನ ಮೇಲೆ ಹೋಗುವ ಪ್ರತಿಯೊಂದೂ ಒಳಕ್ಕೆ, ಯಾರ ಹೆಸರಿಗಾದರೂ ಇರಲಿ. ಒಂಬತ್ತನೇ ದಿನ ಬೇಸತ್ತು ಒಂದು-ನಾಲ್ಕು ತುಂಬಿದೆ. ಏನಾದರೊಂದು ಬರಲಿ, ಕಸವಾದರೂ ಬರಲಿ ಎಂದು.

ಬಂತು. ಪರದೆಯ ಮೇಲೆ ಅಂಕಿಗಳ ಸಾಲುಗಳು ಓಡಿದವು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಯಜಮಾನರು ಎಲ್ಲರಿಗೂ ಕಾಫಿ ತರಿಸಿದರು. ಮಾರನೆಯ ದಿನ ಮೂಲ ತಪ್ಪೂ ಸಿಕ್ಕಿತು. ನೆಟ್‌ವರ್ಕಿನಲ್ಲಿ ನಮ್ಮ ಕಾರ್ಡಿನ ಹೆಸರಾದ ಆರು ಅಂಕಿಗಳ ವಿಳಾಸವನ್ನು ಒಂದನೇ ಪುಟದಲ್ಲಿ ಬರೆಯಬೇಕಿತ್ತು, ನಾನು ಪುಟ ಬದಲಿಸದೆ ಸೊನ್ನೆಯಲ್ಲೇ ಬರೆದಿದ್ದೆ. ಆರು ಅಂಕಿಗಳೂ ಹೋಗಿ, ಬಂದ ಸಂದೇಶಗಳನ್ನಿಡುವ ಜಾಗದ ಗಡಿಗಳನ್ನು ಅಳಿಸಿ ಹಾಕಿದ್ದವು. ಅದನ್ನು ತಿದ್ದಿದೆ. ತನ್ನ ಹೆಸರಿಗೆ ಕಳಿಸಿದ್ದಕ್ಕೆ ಕಾರ್ಡು ಉತ್ತರ ಕೊಡತೊಡಗಿತು. ಮುಂದಿನ ವಾರ ಆಸ್ಪತ್ರೆಯಲ್ಲಿ ಕೂರಿಸಿ ಬಂದೆವು.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ರಕ್ತನಿಧಿಯ ಟೆಕ್ನೀಷಿಯನ್ ಫೋನ್ ಮಾಡಿದರು. ಐವತ್ತು ದಾಟಿದ ಮನುಷ್ಯ, ಆ ಕಪಾಟುಗಳ ಜೊತೆ ಇಪ್ಪತ್ತೈದು ವರ್ಷ ಕಳೆದವರು.

"ಮೇಡಂ, ನಿಮ್ ಡಬ್ಬಿ ಸುಮ್ಕಾಗ್ಬುಟ್ಟೈತೆ. ಹಸ್ರು ದೀಪನೇ ಮಿಟುಕ್ತಿಲ್ಲ."

"ಏನೂ ಬರ್ತಾ ಇಲ್ವಾ?"

"ಇಲ್ಲ. ಆಫ್ ಮಾಡಿ ಆನ್ ಮಾಡ್ದೆ, ಈಗ ಸರೋಗೈತೆ. ಸುಮ್ನೆ ನಿಮ್ಗೊಂದು ಮಾತು ತಿಳಿಸ್ಬುಡಾಣ ಅಂತ."

ಎರಡು ದಿನ ಬಿಟ್ಟು ಅದೇ ಮಾತು, ಆಮೇಲೆ ದಿನಾ ಅದೇ ಮಾತು. ನಾನು ಮೊಪೆಡ್ ಹತ್ತಿ ಹೋಗುವಷ್ಟರಲ್ಲಿ ಅವರು ಆಫ್ ಮಾಡಿ ಆನ್ ಮಾಡಿರುತ್ತಿದ್ದರು. ಕಾರ್ಡು ಏನೂ ಆಗೇ ಇಲ್ಲವೆಂಬಂತೆ ಕೆಲಸ ಮಾಡುತ್ತಿರುತ್ತಿತ್ತು. ನಮ್ಮ ಮಹಡಿಯಲ್ಲಿ ಅದರ ಜೊತೆಯ ಕಾರ್ಡನ್ನು ವಾರವಿಡೀ ಓಡಿಸಿದೆವು, ಒಮ್ಮೆಯೂ ನಿಲ್ಲಲಿಲ್ಲ. ಸರ್ ಅದು ಕೇಬಲ್ಲಿನ ದೋಷವೆಂದರು. ದೇವರಾಜ ಮೊಹಲ್ಲಾದ ಬಿಡಿಭಾಗದ ಅಂಗಡಿಯಿಂದ ಹೊಸ ಕನೆಕ್ಟರುಗಳನ್ನೂ ಕೇಬಲ್ಲಿನ ತುದಿಗೆ ಹಾಕುವ ಟರ್ಮಿನೇಟರುಗಳನ್ನೂ ತಂದು ಬದಲಿಸಿದೆ. ಮತ್ತೆ ನಿಂತಿತು. ಕರೆಂಟಿನ ಏರುಪೇರು ಎಂದರು. ಸ್ಟೆಬಿಲೈಸರ್ ಇಟ್ಟೆವು. ಮತ್ತೆ ನಿಂತಿತು. ಆ ವಾರ ನಾನು ಮನೆಯಲ್ಲೂ ಸಿಡುಕುತ್ತಿದ್ದೆ. ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಅಮ್ಮ ಏನು ಕೇಳಿದರೂ ಅರ್ಧ ಉತ್ತರ ಕೊಡುತ್ತಿದ್ದೆ. "ಯಾರ ಮೇಲಿನ ಕೋಪ ಇದು?" ಎಂದು ಅಮ್ಮ ಕೇಳಿದರೆ ಒಂದು ಚಿಪ್ ಮೇಲೆ ಎಂದು ಹೇಳಲು ನಾಚಿಕೆಯಾಗುತ್ತಿತ್ತು.

ಆಮೇಲೆ ಆದದ್ದು ಮಾತ್ರ ನಗುವಂಥದ್ದಾಗಿರಲಿಲ್ಲ. ಒಂದು ಮಧ್ಯಾಹ್ನ ಕಪಾಟಿನ ಬಾಗಿಲಿನ ರಬ್ಬರಿಗೆ ಒಂದು ಚೀಲದ ತುದಿ ಸಿಕ್ಕಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕಾರ್ಡು ಆಗಲೇ ಮೂಕವಾಗಿತ್ತು, ಅದರ ದೀಪವನ್ನು ಯಾರೂ ನೋಡಿರಲಿಲ್ಲ. ಕಚೇರಿಯ ಕಂಪ್ಯೂಟರ್ ಕೊನೆಯ ಬಾರಿ ಬಂದ ನಾಲ್ಕು ಡಿಗ್ರಿಯನ್ನೇ ಹಸಿರು ಅಕ್ಷರದಲ್ಲಿ ತೋರಿಸುತ್ತಾ ಕೂತಿತ್ತು. ಟೆಕ್ನೀಷಿಯನ್ ತಮ್ಮ ಹಳೆಯ ಅಭ್ಯಾಸದಂತೆ ಗಾಜಿನ ಥರ್ಮಾಮೀಟರ್ ನೋಡಲು ಹೋಗಿದ್ದರಿಂದ ತಿಳಿಯಿತು. ಒಳಗೆ ಎಂಟು ಡಿಗ್ರಿ ಆಗಿತ್ತು. ಚೀಲಗಳನ್ನೆಲ್ಲ ಪಕ್ಕದ ಕಪಾಟಿಗೆ ಸಾಗಿಸಿದರು. ಹಾಳಾಗುವ ಮಟ್ಟಕ್ಕೆ ಇನ್ನೂ ಹೋಗಿರಲಿಲ್ಲ.

ಹಸಿರು ಅಕ್ಷರದ ಆ ಪ್ರೋಗ್ರಾಂ ಕೂಡ ನಾನು ಬರೆದದ್ದೇ.

ಯಜಮಾನರು ಸರ್ ಅವರನ್ನೂ ನನ್ನನ್ನೂ ಕರೆದರು. ಅವರು ಹೆದರಿದ್ದರು. ಹೆದರಿದಾಗ ಅವರ ದನಿ ಮೆತ್ತಗಾಗುತ್ತಿತ್ತು.

"ನೋಡಮ್ಮ, ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗತ್ತೆ ತಾನೆ? ಅದನ್ನ ಕಾರ್ಡೇ ಮಾಡ್ಕೊಳ್ಳೋ ಹಾಗೆ ಮಾಡು. ಹತ್ತು ನಿಮಿಷಕ್ಕೊಂದು ಸಲ ತಾನೇ ರೀಸೆಟ್ ಆಗ್ಲಿ."

"ಯಾಕೆ ನಿಲ್ತಿದೆ ಅಂತ ಗೊತ್ತಾಗ್ದೆ ಹೋಗತ್ತೆ."

"ಗೊತ್ತಾಗಿ ಏನಾಗ್ಬೇಕು? ನಡೀಬೇಕು ಅಷ್ಟೆ."

"ಆ ಹತ್ತು ನಿಮಿಷದಲ್ಲೇ ಬಾಗಿಲು ತೆಗೆದಿದ್ರೆ? ರೀಸೆಟ್ ಆದ್ಮೇಲೂ ಏಳದಿದ್ರೆ?"

ಅವರು ಕಿಟಕಿಯ ಕಡೆ ನೋಡಿದರು. "ಒಂದು ವಾರ ಕೊಡಿ" ಎಂದೆ. "ಅಷ್ಟರಲ್ಲಿ ಸಿಗದಿದ್ರೆ ನೀವು ಹೇಳಿದ ಹಾಗೇ ಮಾಡ್ತೀನಿ." ಹಾಗೆ ಹೇಳುವಾಗ ನನ್ನ ಹತ್ತಿರ ಯಾವ ಉಪಾಯವೂ ಇರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಒಂದು ವಿಷಯ ಹೊಳೆಯಿತು. ಈ ಮೂರು ವಾರದಲ್ಲಿ ನಾವ್ಯಾರೂ ಆ ಕಾರ್ಡನ್ನು ಮೂಕವಾದ ಸ್ಥಿತಿಯಲ್ಲಿ ನೋಡೇ ಇರಲಿಲ್ಲ. ನಿಂತ ತಕ್ಷಣ ಯಾರಾದರೊಬ್ಬರು ಸ್ವಿಚ್ ಒತ್ತುತ್ತಿದ್ದರು. ಹಾಗೆ ಒತ್ತಿದಾಗ ಖಾನೆಗಳೆಲ್ಲ ಹೊಸದಾಗಿ ತುಂಬಿ, ಏನಾಗಿತ್ತು ಎಂಬ ಗುರುತೇ ಉಳಿಯುತ್ತಿರಲಿಲ್ಲ. ಇನ್ನು ಅಂದಾಜಿನ ಮೇಲೆ ಏನನ್ನೂ ಬದಲಿಸುವುದಿಲ್ಲ, ಅದು ನಿಲ್ಲುವವರೆಗೆ ಪಕ್ಕದಲ್ಲೇ ಕೂತಿದ್ದು, ನಿಂತಾಗ ಮುಟ್ಟದೆ ಒಳಗೆ ಏನಿದೆ ಎಂದು ಓದುತ್ತೇನೆ ಎಂದು ತೀರ್ಮಾನಿಸಿದೆ.

ಅದಕ್ಕೆ ಕಾರ್ಡಿನ ಸೀರಿಯಲ್ ಪೋರ್ಟಿಗೆ ತಂತಿಯಿಂದ ಜೋಡಿಸಿದ ಕಂಪ್ಯೂಟರಿನಲ್ಲಿ ಒಂದು ಅಕ್ಷರ ಒತ್ತಿದರೆ ಮೂರೂ ಪುಟದ ಎಲ್ಲ ಖಾನೆಗಳನ್ನು ಪರದೆಗೆ ತರುವ ತುಂಡು ಪ್ರೋಗ್ರಾಂ ಬರೆದೆ. ಮಡಿಚಿಟ್ಟಿದ್ದ ಆ 'ದೋಷ ಪತ್ತೆಗೆ ಮಾತ್ರ' ಹಾಳೆಯನ್ನೂ ಬಿಡಿಸಿದೆ. ಒಂದು ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು, ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ.

ರಕ್ತನಿಧಿಯ ಮುಖ್ಯಸ್ಥೆ ಕಡ್ಡಿ ಮುರಿದಂತೆ ಮಾತಾಡುವ ಡಾಕ್ಟರು. "ಕಪಾಟಿನ ಬಾಗಿಲಿಗೆ ಅಡ್ಡ ಕೂರ್ಬೇಡಿ" ಎಂದಷ್ಟೇ ಹೇಳಿ ಒಪ್ಪಿಗೆ ಕೊಟ್ಟರು. ಟೆಕ್ನೀಷಿಯನ್‌ಗೆ ನಾನು ಕೈ ಮುಗಿದು ಕೇಳಿಕೊಂಡೆ.

"ಇವತ್ತು ನಿಂತ್ರೆ ದಯವಿಟ್ಟು ಆಫ್ ಮಾಡ್ಬೇಡಿ."

"ನಿಂತ್ಮೇಲೆ ಮುಟ್ದೆ ಇರೋದಾ? ಎಂಗ್ ಸರೋಗುತ್ತೆ ಮತ್ತೆ?"

"ಸರಿಹೋಗೋದು ಬೇಡ. ಕೆಟ್ಟಿರೋದನ್ನೇ ನೋಡ್ಬೇಕು."

"ಆಯ್ತು ಬುಡಿ" ಎಂದರು.

ಅವತ್ತು ಕಾರ್ಡು ನಿಲ್ಲಲಿಲ್ಲ. ಮಾರನೆಯ ದಿನವೂ ನಿಲ್ಲಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ, ಅದು ನಿಮಿಷಕ್ಕೊಮ್ಮೆ ಹಸಿರು ದೀಪ ಮಿಟುಕಿಸುತ್ತಾ ಒಳ್ಳೆಯ ಮಗುವಿನಂತೆ ಕೆಲಸ ಮಾಡುತ್ತಿತ್ತು. ಕೆಟ್ಟು ಹೋಗಲಿ ಎಂದು ಕಾಯುವುದರಷ್ಟು ಕಿರಿಕಿರಿಯ ಕೆಲಸ ನಾನು ಬೇರೆ ಮಾಡಿಲ್ಲ. ರಕ್ತ ಕೊಡಲು ಬಂದವರು ನನ್ನನ್ನು ಸಿಬ್ಬಂದಿಯೆಂದು ತಿಳಿದು ಎಲ್ಲಿ ಮಲಗಬೇಕೆಂದು ಕೇಳುತ್ತಿದ್ದರು.

ಎರಡನೆಯ ದಿನ ಸಂಜೆ ಸಾಮಾನು ಕಟ್ಟುವಾಗ ಟೆಕ್ನೀಷಿಯನ್ ತಾವಾಗಿಯೇ ಹೇಳಿದರು. "ನಂಗೆ ಅನ್ನಿಸ್ತದೆ ಮೇಡಂ, ಈ ಎಲ್ಡು ದಿನ ರೆಕಾರ್ಡ್ ಸೆಕ್ಷನ್‌ನೋರು ರಜಾ. ಅವ್ರಿದ್ದಾಗ್ಲೇ ಇದು ನಿಲ್ಲೋದು."

"ಅವರಿಗೂ ಇದಕ್ಕೂ ಏನು ಸಂಬಂಧ?"

"ನಂಗೇನ್ ಗೊತ್ತು. ಊಟ ಆದ್ಮೇಲೆ ಅದೇನೋ ಕಾಪಿ ಮಾಡ್ಕೋತಾರೆ, ಆಗ ಎಲ್ಲಾರ ಕಂಪ್ಯೂಟ್ರೂ ನಿಧಾನ ಆಗೋಯ್ತವೆ. ನಮ್ ಬಿಲ್ಡಿಂಗ್ನಲ್ಲಿ ಎಲ್ರಿಗೂ ಗೊತ್ತಿರೋದೇ."

ಎಲ್ಲರಿಗೂ ಗೊತ್ತಿತ್ತು. ನಾವು ಮಾತ್ರ ಯಾರನ್ನೂ ಕೇಳಿರಲಿಲ್ಲ.

ಮಾರನೆಯ ದಿನ ರೆಕಾರ್ಡ್ ಸೆಕ್ಷನ್ ತೆರೆಯಿತು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಅವರು ದಿನದ ರೋಗಿಗಳ ದಾಖಲೆಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನಕಲು ಮಾಡಲು ಶುರು ಮಾಡಿದರು. ಏಳು ನಿಮಿಷ ಕಳೆದಿರಬೇಕು, ಹಸಿರು ದೀಪ ಮಿಟುಕುವುದು ನಿಂತಿತು. ಟೆಕ್ನೀಷಿಯನ್ ಕೈ ಸ್ವಿಚ್ಚಿನ ಕಡೆ ಹೋಗಿ, ಅರ್ಧದಲ್ಲಿ ನಿಂತು, ಹಿಂದಕ್ಕೆ ಬಂತು. ನಾನು ಅಕ್ಷರ ಒತ್ತಿದೆ.

ಪರದೆಯ ಮೇಲೆ ಅಂಕಿಗಳು ಬಂದವು. ಸೊನ್ನೆ ಪುಟದ ಏಳನೇ ಖಾನೆಯಲ್ಲಿ ಒಂದು ಸ್ವಿಚ್ ಎದ್ದು ನಿಂತಿತ್ತು. 'ಜಾಗ ತುಂಬಿ ಹೋಗಿದೆ' ಎಂದು ಚಿಪ್ ಕೂಗುವ ಸ್ವಿಚ್ ಅದು. ಹಾಗೆ ಕೂಗಿದರೆ ಅದನ್ನು ನಿಲ್ಲಿಸಿ, ಒಳಗಿನದನ್ನು ಖಾಲಿ ಮಾಡಿ, ಒಂದು ನಿರ್ದಿಷ್ಟ ಕ್ರಮದಲ್ಲಿ ಮತ್ತೆ ಶುರು ಮಾಡಬೇಕು. ನನ್ನ ಪ್ರೋಗ್ರಾಂನಲ್ಲಿ ಅಂಥ ಭಾಗವೇ ಇರಲಿಲ್ಲ. ಆದರೆ ನಮ್ಮ ಕಾರ್ಡಿಗೆ ಬರುವ ಸಂದೇಶವೇ ನಿಮಿಷಕ್ಕೊಂದು. ಜಾಗ ಹೇಗೆ ತುಂಬಿತು?

ಬೆರಳಿಟ್ಟುಕೊಂಡು ಎರಡನೇ ಪುಟಕ್ಕೆ ಇಳಿದೆ. ಹತ್ತನೆಯದು, ಹನ್ನೊಂದನೆಯದು. ಹನ್ನೆರಡನೇ ಖಾನೆಯಲ್ಲಿ ಒಂದು-ನಾಲ್ಕು ಎಂದಿತ್ತು.

ಮೊದಲ ಸಂದೇಶ ನೋಡುವ ಆತುರದಲ್ಲಿ ಚಿಪ್‌ನ ಬಾಗಿಲು ಪೂರ್ತಿ ತೆರೆದವಳು ನಾನು. ಅದೇ ಖುಷಿಯಲ್ಲಿ ಮುಚ್ಚುವುದನ್ನು ಮರೆತವಳೂ ನಾನೇ. ನಮ್ಮ ಮಹಡಿಯಲ್ಲಿ ಎರಡೇ ಯಂತ್ರಗಳಿದ್ದುದರಿಂದ ತೆರೆದ ಬಾಗಿಲಿನಿಂದ ಏನೂ ಆಗಲಿಲ್ಲ. ಇಲ್ಲಿ ಆಸ್ಪತ್ರೆಯ ಎಲ್ಲ ರೋಗಿಗಳ ದಾಖಲೆಗಳೂ ನಮ್ಮ ಬಡಪಾಯಿ ಕಾರ್ಡಿನೊಳಗೆ ನುಗ್ಗುತ್ತಿದ್ದವು. ಮೂರು ವಾರ ನಾನು ಚಿಪ್ಪನ್ನು ಬಯ್ದೆ, ಡೀಲರನನ್ನು ಬಯ್ದೆ, ಕರೆಂಟನ್ನು ಬಯ್ದೆ, ಸರ್ ಅವರನ್ನು ಮನಸ್ಸಿನಲ್ಲೇ ಬಯ್ದೆ. ಬಯ್ಯಬೇಕಾದವಳು ಸ್ಟೂಲಿನ ಮೇಲೆ ಕೂತಿದ್ದಳು.

"ಸಿಕ್ತಾ ಮೇಡಂ?" ಎಂದರು ಟೆಕ್ನೀಷಿಯನ್.

"ಸಿಕ್ತು. ನನ್ನದೇ ತಪ್ಪು."

"ಬುಡಿ, ಸಿಕ್ತಲ್ಲ."

ಸೊನ್ನೆ-ನಾಲ್ಕು ತುಂಬಲು ಒಂದು ನಿಮಿಷ ಸಾಕಿತ್ತು. ಜಾಗ ತುಂಬಿದಾಗ ಚಿಪ್ಪನ್ನು ಎಬ್ಬಿಸುವ ಭಾಗ ಬರೆಯಲು ಮಾತ್ರ ಮೂರು ದಿನ ಹಿಡಿಯಿತು. ನಿಲ್ಲಿಸಿದ ಮೇಲೆ ಎರಡು ಮಿಲಿಸೆಕೆಂಡಿನಷ್ಟು ಕಾಯಬೇಕೆಂಬ ಸಾಲು ನನ್ನ ಜೆರಾಕ್ಸಿನಲ್ಲಿ ಅರ್ಧ ಅಳಿಸಿ ಹೋಗಿತ್ತು. ಅದನ್ನು ಸರ್ ಭೂತಗನ್ನಡಿ ಹಿಡಿದು ಓದಿಕೊಟ್ಟರು. ಅವತ್ತು ಅವರು ಮನೆಗೆ ಹೋಗದೆ ನನ್ನ ಪಕ್ಕದಲ್ಲೇ ಕೂತಿದ್ದರು. ಆ ಭಾಗವನ್ನು ಪರೀಕ್ಷಿಸಲು ಬೇಕೆಂದೇ ಒಂದು-ನಾಲ್ಕು ತುಂಬಿ ಕಾರ್ಡನ್ನು ಹತ್ತಾರು ಸಲ ಸಂದೇಶಗಳಲ್ಲಿ ಮುಳುಗಿಸಿದೆವು. ಪ್ರತಿ ಸಲವೂ ಎದ್ದು ಬಂತು.

ಹೊಸ ಪ್ರೋಗ್ರಾಂ ಹಾಕಲು ಹೋದಾಗ ಡಾಕ್ಟರು ಕೇಳಿದರು. "ಇನ್ನು ನಿಲ್ಲಲ್ಲ ಅಂತ ಹೇಳ್ತೀರಾ?"

ಯಜಮಾನರು ಹೌದು ಎನ್ನಲು ಬಾಯಿ ತೆಗೆದರು. ನಾನು ಮೊದಲೇ ಹೇಳಿಬಿಟ್ಟೆ. "ಈ ಕಾರಣಕ್ಕೆ ನಿಲ್ಲಲ್ಲ ಮೇಡಂ. ಬೇರೆ ಕಾರಣ ಇದ್ರೆ ನಂಗೆ ಗೊತ್ತಿಲ್ಲ."

"ಹಾಗಾದ್ರೆ ನಿಂತಾಗ ನಿಂತಿದೆ ಅಂತ ಕಾಣ್ಬೇಕು. ನಾಲ್ಕು ಡಿಗ್ರಿ ಅಂತ ಸುಳ್ಳು ಕಾಣ್ಬಾರ್ದು."

ಇಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ಅಲ್ಲೇ ಕೂತು ತಿದ್ದಿದೆ. ಮೂರು ನಿಮಿಷ ಕಾರ್ಡಿನಿಂದ ಸುದ್ದಿ ಬರದಿದ್ದರೆ ಅಂಕಿ ಮಾಯವಾಗಿ ಪರದೆ ಕೆಂಪಾಗುತ್ತದೆ, ಕಂಪ್ಯೂಟರ್ ಕೂಗುತ್ತದೆ. ಟೆಕ್ನೀಷಿಯನ್ ಕೇಬಲ್ ಕಿತ್ತು ನೋಡಿದರು. ಕೂಗಿತು. ಡಾಕ್ಟರು ತಲೆಯಾಡಿಸಿ, ಬಾಗಿಲಿನ ಘಟನೆಗೆ ಲಿಖಿತ ವಿವರಣೆ ಬೇಕು ಎಂದರು.

ಆ ವಿವರಣೆಯನ್ನು ನಾನೇ ಬರೆದೆ. 'ಪರೀಕ್ಷೆಗೆಂದು ಹಾಕಿದ್ದ ಒಂದು ಸ್ವಿಚ್ಚನ್ನು ಆರಿಸದೆ ನಾನು ಕಾರ್ಡನ್ನು ಒಪ್ಪಿಸಿದ್ದೆ' ಎಂಬ ಸಾಲನ್ನು ಯಜಮಾನರು ಎರಡು ಸಲ ಓದಿದರು. 'ಚಿಪ್‌ನ ಸಂಕೀರ್ಣತೆಯಿಂದಾಗಿ' ಎಂದು ಬದಲಿಸಬಹುದಲ್ಲ ಎಂದರು. ಆಮೇಲೆ ತಾವೇ ಪೆನ್ನು ತೆಗೆದು, ಒಂದಕ್ಷರವನ್ನೂ ತಿದ್ದದೆ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಆ ಮನುಷ್ಯರ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆ ಸಹಿಯಿಂದ.

ಇಬ್ಬರೂ ಹೋಗಿ ಕೊಟ್ಟೆವು. ಡಾಕ್ಟರು ಓದಿ, ಫೈಲಿಗೆ ಸೇರಿಸಿ, ಉಳಿದ ಎರಡು ಕಪಾಟುಗಳಿಗೂ ಒಂದೊಂದು ಕಾರ್ಡು ಮಾಡಿಕೊಡಿ ಎಂದರು. ಯಜಮಾನರು ಗೇಟು ದಾಟಿದ ಮೇಲೆ ಜೋರಾಗಿ ನಕ್ಕರು.

ನಮ್ಮ ಮಹಡಿಗೆ ಬಂದಾಗ ಸರ್ ಫೋನಿನಲ್ಲಿದ್ದರು. ಇಟ್ಟು ನನ್ನ ಕಡೆ ತಿರುಗಿದರು.

"ಡೀಲರ್ ಕಣಮ್ಮ. ಆ ಚಿಪ್ ಬರೋದು ನಿಂತು ಹೋಯ್ತಂತೆ. ಅದರ ಬದಲು ಹೊಸದೊಂದು ಬಂದಿದೆಯಂತೆ. ಕಾಲುಗಳೆಲ್ಲ ಹಾಗೇ ಇವೆಯಂತೆ, ಬೋರ್ಡ್ ಬದಲಿಸಬೇಕಿಲ್ಲ."

"ರಿಜಿಸ್ಟರುಗಳು?"

"ಹೆಚ್ಚುಕಡಿಮೆ ಅವೇ ಅಂತೆ."

ನಾನು ಬ್ಯಾಗನ್ನು ಮೇಜಿನ ಮೇಲಿಟ್ಟು, ಕೈಪಿಡಿ ಯಾವತ್ತು ಬರುತ್ತದೆ ಎಂದು ಕೇಳಿದೆ. ಅವರು ಫ್ಯಾಕ್ಸ್ ಯಂತ್ರದ ಕಡೆ ಕೈ ತೋರಿಸಿದರು. ಅದರಿಂದ ಮೊದಲ ಹಾಳೆ, ಅರ್ಧ ಕಪ್ಪಾಗಿ, ಆಗಲೇ ಹೊರಗೆ ಬರುತ್ತಿತ್ತು.